ಬಿಟ್ಟಿ ಕೊಟ್ರೂ ಇರಲ್ಲ ಅನ್ನೋ ಥರದ ಮನೆ ನಿಮಗೆ ಯಾವುದು?

ಕಿಟಕಿಪರದೆ:
ಪೀಕಲಾಟಕ್ಕೆ ಸಿಕ್ಕಿಹಾಕ್ಕೊಂಡಿದೀನಿ. ಪರಿಚಯದವರೊಬ್ರು ಎರಡು ವರ್ಷ ಕೆಲಸದ ಮೇಲೆ ಬೇರೆ ದೇಶಕ್ಕೆ ಹೋಗ್ತಿದಾರೆ, ಮನೆ ಖಾಲಿ ಬಿಡೋ ಬದಲು ನೀವೇ ಇರಿ, ಬಾಡಿಗೆ ಬೇಡ, ಚೆನ್ನಾಗಿ ನೋಡ್ಕೊಂಡ್ರೆ ಸಾಕು ಅಂದ್ರು. ಕುಣಿದಾಡ್ಬೇಕಿತ್ತು ನಾನು. ಆದ್ರೆ ಹೋಗಿ ನೋಡ್ಕೊಂಡು ಬಂದ್ಮೇಲೆ ಮನಸ್ಸೇ ಬರ್ತಿಲ್ಲ. ಮನೆ ಏನೋ ಪತ್ರಿಕೆ ಮುಖಪುಟಕ್ಕೆ ಹಾಕೋ ಥರ ಇದೆ, ಸುಳ್ಳು ಹೇಳಲ್ಲ. ಹಾಲ್‌ಗೆ ಮೂರು ಕಡೆ ನೆಲದಿಂದ ಸೂರಿನ ತನಕ ಗಾಜು. ಮೆಟ್ಟಿಲು ಅಂದ್ರೆ ಗೋಡೆಯಿಂದ ಒಂದೊಂದೇ ಹಲಗೆ ಚಾಚ್ಕೊಂಡಿರೋದು, ರೇಲಿಂಗ್ ಇಲ್ಲ. ಮಲಗೋದು ಮೇಲೆ ಅಟ್ಟದ ಥರದ ಜಾಗದಲ್ಲಿ, ಅದಕ್ಕೆ ಗೋಡೆ ಇಲ್ಲ, ಮಂಚದಿಂದ ಬಗ್ಗಿದ್ರೆ ಕೆಳಗೆ ಒಲೆ ಕಾಣುತ್ತೆ. ಬಚ್ಚಲಿಗೆ ಮಬ್ಬು ಗಾಜಿನ ಬಾಗಿಲು, ಅದೂ ಸೂರಿನ ತನಕ ಹೋಗಲ್ಲ.

ನಮ್ಮನೆಯವರಿಗೆ ಸಿಕ್ಕಾಪಟ್ಟೆ ಇಷ್ಟ ಆಗ್ಬಿಟ್ಟಿದೆ. ಬಿಟ್ಟಿ ಸಿಕ್ಕಿದ್ದಕ್ಕೂ ಕೊಂಕು ತೆಗೀತೀಯ ಅಂತ ಬೈಸ್ಕೊಂಡಿದೀನಿ. ಇರೋದು ನಾವಿಬ್ರು, ಒಂದು ಬೆಕ್ಕು. ನಂಗೊಬ್ಬಂಗೇ ಹೀಗಾ? ನಿಮಗೂ ಸುಮ್ನೆ ಕೊಟ್ರೂ ಕಾಲಿಡಲ್ಲ ಅನ್ನೋ ಥರದ ಮನೆ ಇದ್ರೆ ಹೇಳಿ. ಇದ್ದು ಅನುಭವಿಸಿರೋರು ಬರೆದ್ರೆ ಇನ್ನೂ ಒಳ್ಳೇದು, ನಮ್ಮನೆಯವರಿಗೆ ತೋರಿಸ್ಬೇಕು.

ಒಂದೇಸಾಲು:
ಬಚ್ಚಲ ಬಾಗಿಲು ಸೂರು ಮುಟ್ಟಲ್ಲ ಅಂದಮೇಲೆ ಚರ್ಚೆ ಯಾಕೆ, ಮುಗೀತು.

ಬೆಕ್ಕಿನಚಿಕ್ಕಮ್ಮ:
ಬೆಕ್ಕಿನ ಹೆಸರೇನು?

ಕೊನೇಮಹಡಿ:
ನಂದು ಹೆಸರಲ್ಲೇ ಇದೆ ನೋಡಿ. ತಾರಸಿಗೆ ತಾಗಿರೋ ಕೊನೇ ಮಹಡಿ. ಮೇಲೆ ಯಾರೂ ಇರಲ್ಲ, ಕುಟ್ಟೋ ಸದ್ದಿಲ್ಲ, ಗಾಳಿ ಬರುತ್ತೆ ಅಂತ ಹೋದೆ. ಕಾಂಕ್ರೀಟ್ ಅನ್ನೋದು ಹಗಲೆಲ್ಲಾ ಬಿಸಿಲು ಕುಡಿದು ರಾತ್ರಿ ಪೂರ್ತಿ ಕಕ್ಕುತ್ತೆ ಅಂತ ಯಾರೂ ಹೇಳಿರಲಿಲ್ಲ. ರಾತ್ರಿ ಹತ್ತು ಗಂಟೆ, ಹೊರಗಡೆ ತಣ್ಣಗಾಗಿದೆ, ಒಳಗೆ ಮಂಚದ ಮೇಲೆ ನಿಂತು ಸೂರಿಗೆ ಅಂಗೈ ಇಟ್ರೆ ಜ್ವರ ಬಂದೋರ ಹಣೆ ಮುಟ್ಟಿದ ಹಾಗೆ. ಫ್ಯಾನ್ ಹಾಕಿದ್ರೆ ಆ ಬಿಸೀನೇ ಮುಖಕ್ಕೆ ತಳ್ಳುತ್ತೆ. ಮಧ್ಯಾಹ್ನ ತಣ್ಣೀರಿನ ನಲ್ಲಿ ತಿರುಗಿಸಿದ್ರೆ ಕೈ ಸುಡ್ತಿತ್ತು, ಗೀಸರ್ ಇರೋದು ಸುಮ್ನೆ ಅಲಂಕಾರಕ್ಕೆ. ನಾಲ್ಕು ವರ್ಷ ನೆಲದ ಮೇಲೆ ಒದ್ದೆ ಟವೆಲ್ ಹಾಸ್ಕೊಂಡು ಮಲಗಿದೀನಿ.

ಇಂಜಿನಿಯರ್‌ಮಾವ:
@ಕೊನೇಮಹಡಿ ತಾರಸಿಗೆ ಬಿಳಿ ಬಣ್ಣ ಬಳಿದಿದ್ರೆ ಅರ್ಧ ಕಷ್ಟ ತಪ್ತಿತ್ತು. ತಾರಸಿ ಮೇಲೆ ಏನಾದ್ರೂ ನೆರಳು ಮಾಡಿದ್ರೆ ಇನ್ನೂ ಒಳ್ಳೇದು. ಬಿಸಿಲು ಸ್ಲ್ಯಾಬ್ ಮುಟ್ಟಬಾರದು, ಅಷ್ಟೇ ಕಥೆ. ಮುಟ್ಟಿದ ಮೇಲೆ ಒಳಗಡೆ ಏನು ಸರ್ಕಸ್ ಮಾಡಿದ್ರೂ ಇಲ್ಲ.

@ಕಿಟಕಿಪರದೆ ನಿಮ್ಮ ಗಾಜಿನ ಮನೆ ವಿಷಯಕ್ಕೆ ಬರ್ತೀನಿ. ಜಗತ್ತಲ್ಲೇ ಹೆಸರುವಾಸಿ ಗಾಜಿನ ಮನೆ ಒಂದಿದೆ, ಅಮೆರಿಕದ ಇಲಿನಾಯ್‌ನಲ್ಲಿ, ಫಾರ್ನ್ಸ್‌ವರ್ತ್ ಹೌಸ್ ಅಂತ. ಮೀಸ್ ವಾನ್ ಡೆರ್ ರೋಹ ಅನ್ನೋ ಆರ್ಕಿಟೆಕ್ಟ್ ಕಟ್ಟಿದ್ದು, 1951ಕ್ಕೆ ಮುಗೀತು. ಎಡಿತ್ ಫಾರ್ನ್ಸ್‌ವರ್ತ್ ಅನ್ನೋ ಡಾಕ್ಟರ್‌ಗೆ ವಾರಾಂತ್ಯ ಕಳೆಯೋಕೆ ಅಂತ ಮಾಡಿದ ಮನೆ. ಆರ್ಕಿಟೆಕ್ಚರ್ ಓದೋರಿಗೆಲ್ಲಾ ಅದು ದೇವಸ್ಥಾನ ಇದ್ದಂಗೆ. ಆದ್ರೆ ಇದ್ದೋರ ಕಥೆ ಕೇಳಿ. ಸಿಂಕ್ ಕೆಳಗೆ ಕಸದ ಡಬ್ಬಿ ಇಡೋಕೂ ಆಗಲ್ಲ, ಅಡುಗೆಮನೆ ಪೂರ್ತಿ ರಸ್ತೆಗೇ ಕಾಣುತ್ತೆ ಅಂತ ಆಯಮ್ಮ ದೂರಿದ್ರು. ಮನೆ ಇರೋದು ನದಿ ಪಕ್ಕ ನೆರೆ ಬರೋ ಬಯಲಲ್ಲಿ, ಅದಕ್ಕೇ ಕಂಬದ ಮೇಲೆ ಎತ್ತಿ ಕಟ್ಟಿದ್ರು, ಆದ್ರೂ ನೀರು ಒಳಗೆ ನುಗ್ತು, 1954ರಲ್ಲೊಂದ್ಸಲ, 1996ರಲ್ಲೊಂದ್ಸಲ. ಕಟ್ಟಿಸಿದೋರು ಕಟ್ಟಿದೋರು ಕೋರ್ಟ್ ಮೆಟ್ಟಿಲೂ ಹತ್ತಿದ್ರು. ಫೋಟೋದಲ್ಲಿ ಮಾತ್ರ ಇವತ್ತಿಗೂ ಸ್ವರ್ಗ.

ಕಿಟಕಿಪರದೆ:
ಕಸದ ಡಬ್ಬಿ!! ಅದೇ ಮಾವ, ಅದೇ. ಆ ಮನೆಯಲ್ಲಿ ಕಸದ ಡಬ್ಬಿ ಎಲ್ಲಿಡ್ತೀರಿ ಅಂತ ನಾನು ಕೇಳಿದ್ದಕ್ಕೆ ಅವರು ಒಂಥರಾ ನಕ್ಕು ಮಾತು ತಿರುಗಿಸಿದ್ರು. ಬಟ್ಟೆ ಒಣಗ್ಹಾಕೋ ಹಗ್ಗನೂ ಎಲ್ಲೂ ಕಾಣ್ಲಿಲ್ಲ.

ಹೊಸಗಾಳಿ:
ಎಲ್ರೂ ಗಾಜಿನ ಮೇಲೆ ಯಾಕೆ ಬಿದ್ದಿದೀರಿ ಗೊತ್ತಾಗ್ತಿಲ್ಲ. ಬೆಳಕು ಬೇಡ್ವಾ? ಪರದೆ ಹಾಕಿ. ಬಿಟ್ಟಿ ಮನೆ ಸಿಕ್ರೆ ನಾನಂತೂ ನಾಳೆನೇ ಗಂಟುಮೂಟೆ ಕಟ್ತೀನಿ. ನಿಮಗೆ ಬೇಡ ಅಂದ್ರೆ ನಂಬರ್ ಕೊಡಿ.

ಒಂದೇಸಾಲು:
ಮೂರು ಕಡೆ ನೆಲದಿಂದ ಸೂರಿಗೆ ಪರದೆ ಹಾಕಿದ್ರೆ ಅದು ಮನೆ ಅಲ್ಲ, ನಾಟಕದ ಸ್ಟೇಜು.

ನಿದ್ದೆಗೇಡಿ:
ಮಾರಾಯ್ರೆ, ನೋಡ್ಲಿಕ್ಕೆ ಹೇಗುಂಟು ಅಂತ ಯಾಕೆ ತಲೆ ಕೆಡಿಸ್ಕೊಳ್ತೀರಿ, ಕೇಳ್ಲಿಕ್ಕೆ ಹೇಗುಂಟು ಅಂತ ಕೇಳಿ. ಗೋಡೆ ತೆಳ್ಳಗಿರುವ ಮನೆ ನನ್ನ ಪಾಲಿಗೆ ನರಕ. ಮುಂಚೆ ಇದ್ದ ಕಡೆ ಪಕ್ಕದ ಮನೆಯವ ಸೀನಿದ್ರೆ ನಾನು ಕಣ್ಣು ಮುಚ್ಚಿಕೊಳ್ತಿದ್ದೆ. ತಮಾಷೆ ಅಲ್ಲ. ಅವನ ಅಲಾರಂ ಐದಕ್ಕೆ, ಅವ ಏಳ್ತಿದ್ದದ್ದು ಆರೂವರೆಗೆ, ಮಧ್ಯದಲ್ಲಿ ಒಂಬತ್ತು ನಿಮಿಷಕ್ಕೊಮ್ಮೆ ಹೊಡೀತಿತ್ತು, ಎಬ್ಬಿಸ್ತಿದ್ದದ್ದು ನನ್ನನ್ನು. ಗಂಡ ಹೆಂಡತಿ ಜಗಳದಲ್ಲಿ ಯಾರದ್ದು ಸರಿ ಅಂತ ನನಗೊಂದು ಅಭಿಪ್ರಾಯವೇ ಬಂದುಬಿಟ್ಟಿತ್ತು, ಲಿಫ್ಟಲ್ಲಿ ಸಿಕ್ಕಾಗ ಮುಖ ನೋಡ್ಲಿಕ್ಕಾಗ್ತಿರ್ಲಿಲ್ಲ.

ಮೇಲಿನ ಮನೆಯವ್ರು ರಾತ್ರಿ ಗೋಲಿ ಉರುಳಿಸ್ತಾರಲ್ಲ, ಅದು ನಿಮಗೆಲ್ಲ ಕೇಳಿಸ್ತದಾ? ಅಲ್ಲಿ ಮಕ್ಕಳೇ ಇರಲಿಲ್ಲ!

ಸೀದಾಮಾತು:
ಗೋಲಿ ಸದ್ದು!!! ನಮ್ಮ ಮೇಲೂ ಇತ್ತು. ಜಗಳಕ್ಕೆ ಹೋಗಿ ನೋಡಿದ್ರೆ ಎಪ್ಪತ್ತು ದಾಟಿದ ಅಜ್ಜಿ ಒಬ್ಬರೇ ಇದ್ರು. ಅವರು ನನ್ನನ್ನೇ ಕೇಳಿದ್ರು, ನಿಮ್ಮನೇಲಿ ಯಾರಪ್ಪ ಗೋಲಿ ಆಡೋದು ಅಂತ.

ಇಂಜಿನಿಯರ್‌ಮಾವ:
ಅದು ಬಹಳ ಸಲ ಪೈಪ್. ನಲ್ಲಿ ಥಟ್ಟನೆ ನಿಂತಾಗ ಹರೀತಿದ್ದ ನೀರು ಪೈಪಿಗೆ ಗುದ್ದುತ್ತೆ, ಆ ಪೈಪ್ ಸ್ಲ್ಯಾಬಿಗೋ ಗೋಡೆಗೋ ತಾಗಿದ್ರೆ ಟಕ್ ಟಕ್ ಟಕ್ ಟರ್ರ್ ಅಂತ ಕೇಳುತ್ತೆ. ಇನ್ನೊಂದು ವಿಷಯ, ಮಾತಿನ ಸದ್ದು ಬೇರೆ, ಹೆಜ್ಜೆ ಸದ್ದು ಬೇರೆ. ಮಾತು ಗಾಳಿಯಲ್ಲಿ ಬರುತ್ತೆ, ಗೋಡೆ ದಪ್ಪ ಆದ್ರೆ ನಿಲ್ಲುತ್ತೆ. ಹೆಜ್ಜೆ, ಕುರ್ಚಿ ಎಳೆಯೋದು, ಕುಟ್ಟೋದು ಇವು ಸ್ಲ್ಯಾಬನ್ನೇ ಅಲುಗಿಸಿ ಬರೋವು, ಅದಕ್ಕೆ ಮೇಲಿನವರ ನೆಲದ ಮೇಲೇ ಮೆತ್ತಗಿರೋದೇನಾದ್ರೂ ಹಾಸ್ಬೇಕು. ಕೆಳಗಡೆ ಇರೋರು ತಮ್ಮ ಸೂರಿಗೆ ಥರ್ಮಾಕೋಲ್ ಅಂಟಿಸ್ತಾರಲ್ಲ, ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಎಳೆದಂಗೆ.

ಕೊನೇಮಹಡಿ:
ಅದಕ್ಕೇ ಹೇಳಿದ್ದು ಕೊನೇ ಮಹಡೀಲಿ ಅದೊಂದು ನೆಮ್ಮದಿ ಇತ್ತು ಅಂತ. ಬೆಂದ್ರೂ ಸದ್ದಿಲ್ದೆ ಬೆಂದೆ.

ನೆಲಮನಿ:
ಎಲ್ಲಾರೂ ಮ್ಯಾಲಿಂದ ಮಾತಾಡಾಕತ್ತೀರಿ, ನಾ ನೆಲದಾಗಿಂದು ಹೇಳ್ತೀನಿ ಕೇಳ್ರಿ. ಬೇಸ್‌ಮೆಂಟಿನ ಮನ್ಯಾಗ ಒಂದು ವರ್ಷ ಇದ್ದೆ. ಕಿಟಕಿ ಅಂತ ಒಂದಿತ್ತು, ಗ್ವಾಡಿ ತುದೀಗೆ, ಗೇಣುದ್ದ, ಅದರಾಗ ಕಾಣ್ತಿದ್ದದ್ದು ಬರೀ ಕಾಲು. ಆರು ತಿಂಗಳಿಗೆ ಅಲ್ಲಿ ಇದ್ದವ್ರ ಚಪ್ಪಲಿ ಎಲ್ಲಾ ಗುರ್ತು ಸಿಗಾಕತ್ತು, ಮಾರಿ ಯಾರದೂ ಗೊತ್ತಿಲ್ಲ. ದಾರ್ಯಾಗ ಸಿಕ್ಕವ್ರಿಗೆ ನಮಸ್ಕಾರ ಹೇಳೂಕಿಂತ ಮೊದಲು ಕಾಲು ನೋಡ್ತಿದ್ದೆ. ಇದೆಲ್ಲಾ ನಕ್ಕು ಬಿಡಬಹುದು. ಒಂದಿನ ರಾತ್ರಿ ಮಳಿ ಜೋರು ಹತ್ತಿತ್ತು, ಎದ್ದು ಕಾಲು ಕೆಳಗಿಟ್ರ ಮೀನಖಂಡದ ತನಕ ನೀರು. ಬಾಗಲದಿಂದ ಬಂದಿಲ್ರಿ ಅದು. ಬಚ್ಚಲದ ಜಾಲರಿಯಿಂದ ಉಲ್ಟಾ ಮ್ಯಾಲ ಬಂದದ್ದು. ಏನೇನು ಹೊತ್ಕೊಂಡು ಬಂದಿತ್ತು ಅಂತ ಬರಿಯೂದಿಲ್ಲ, ನೀವು ಊಟದ ಮುಂದ ಕುಂತಿರಬಹುದು. ಮಾಲಕರು ಬಂದು ನೋಡಿ ಹೇಳಿದ್ದೇನು ಗೊತ್ತೇನು, ಹಾಸಿಗಿ ಸ್ವಲ್ಪ ಎತ್ತರಕ್ಕ ಹಾಕ್ಕೋಬೇಕಿತ್ರಿ ಅಂತ!

ಒಂದೇಸಾಲು:
ಮಾಲಕರಿಗೆ ದೊಡ್ಡ ನಮಸ್ಕಾರ, ಕಾಲು ನೋಡ್ಕೊಂಡೇ.

ಇಂಜಿನಿಯರ್‌ಮಾವ:
ಚರಂಡಿ ಪೈಪ್ ತುಂಬಿದಾಗ ನೀರು ಎಲ್ಲಕ್ಕಿಂತ ತಗ್ಗಲ್ಲಿರೋ ಬಾಯಿ ಹುಡುಕುತ್ತೆ, ನಿಮ್ಮ ಬಚ್ಚಲೇ ಆ ಬಾಯಿ. ನೀರು ವಾಪಸ್ ಬರದಂಗೆ ತಡೆಯೋ ಒಂದು ವಾಲ್ವ್ ಹಾಕಿದ್ರೆ ಹಿಂಗಾಗ್ತಿರ್ಲಿಲ್ಲ. ನೆಲಮಾಳಿಗೆ ಮನೆಗಳಿಗೆ ಕಣ್ಣಿಗೆ ಕಾಣದ ಇನ್ನೊಂದು ಗಂಡಾಂತರ ರೇಡಾನ್. ಮಣ್ಣು ಕಲ್ಲಿಂದ ಬರೋ ವಿಕಿರಣಶೀಲ ಅನಿಲ, ಬಣ್ಣ ಇಲ್ಲ ವಾಸನೆ ಇಲ್ಲ, ಗಾಳಿ ಆಡದ ಕಡೆ ತುಂಬ್ಕೊಳ್ಳುತ್ತೆ. ಶ್ವಾಸಕೋಶದ ಕ್ಯಾನ್ಸರ್‌ಗೆ ಅದೂ ಒಂದು ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಮನೆಯೊಳಗೆ ಒಂದು ಘನ ಮೀಟರ್ ಗಾಳಿಗೆ 100 ಬೆಕೆರೆಲ್ (ವಿಕಿರಣ ಅಳೆಯೋ ಮಾನ) ದಾಟಬಾರದು ಅನ್ನೋದು ಅವರ ಲೆಕ್ಕ. ಎಲ್ಲಾ ಕಡೆ ಇರಲ್ಲ, ಕೆಳಗಿರೋ ಕಲ್ಲಿನ ಮೇಲೆ ಹೋಗುತ್ತೆ.

ಹೊಸಗಾಳಿ:
ಅದಕ್ಕಂತ ನೆಲದೊಳಗಿನ ಮನೆ ಎಲ್ಲಾ ಕೆಟ್ಟದು ಅನ್ಬೇಡಿ. ಆಸ್ಟ್ರೇಲಿಯಾದ ಕೂಬರ್ ಪೀಡಿ ಕೇಳಿಲ್ವಾ, ಓಪಲ್ ಅನ್ನೋ ರತ್ನದ ಗಣಿ ಊರು. ಹೊರಗಡೆ ಬೇಸಿಗೇಲಿ 40 ಡಿಗ್ರಿ ದಾಟುತ್ತೆ, ಜನ ಗುಡ್ಡ ಕೊರೆದು ಒಳಗಿರ್ತಾರೆ, ಒಳಗೆ ಎಸಿ ಇಲ್ದೇನೇ ವರ್ಷಪೂರ್ತಿ ಇಪ್ಪತ್ತರ ಮೇಲೆ ಸ್ವಲ್ಪ, ಆರಾಮ. ಕಪಾಟು ಬೇಕಾ ಗೋಡೆ ಕೊರ್ಕೊಳ್ಳಿ. ಅದೃಷ್ಟ ಇದ್ರೆ ಓಪಲ್ ಸಿಗುತ್ತೆ.

ನೆಲಮನಿ:
ಅಲ್ಲಿ ಮಳಿನ ಇಲ್ಲಲ್ರೀ! ಮಳಿ ಇಲ್ಲದ ಕಡೆ ನಾನೂ ಹೆಗ್ಗಣದಂಗ ಇರ್ತೀನಿ.

ಕೊನೇಮಹಡಿ:
ಭೂಕಂಪನೂ ಒಂದು ಇದೆ ಸ್ವಾಮಿ. ಚೀನಾದಲ್ಲಿ ಮೆತ್ತನೆ ಮಣ್ಣಿನ ಗುಡ್ಡ ಕೊರೆದು ಗುಹೆಮನೆಗಳಲ್ಲಿ ಇರ್ತಿದ್ರು, 1556ರ ಶಾನ್ಶಿ ಭೂಕಂಪದಲ್ಲಿ ಅವೆಲ್ಲಾ ಕುಸಿದು ಸತ್ತೋರ ಲೆಕ್ಕ ಸುಮಾರು 8 ಲಕ್ಷ ಅಂತಾರೆ. ಇತಿಹಾಸದಲ್ಲೇ ಅಷ್ಟು ಜನ ಸತ್ತ ಭೂಕಂಪ ಇನ್ನೊಂದಿಲ್ಲ. ಹಾಗಂತ ಗುಹೆಮನೆ ಬಿಟ್ರಾ, ಇವತ್ತಿಗೂ ಅಲ್ಲಿ ಲಕ್ಷಾಂತರ ಜನ ಇದಾರೆ, ಚಳಿಗೆ ಬೆಚ್ಚಗೆ ಸೆಕೆಗೆ ತಂಪಗೆ ಅಂತ.

ಗುಮ್ಮಟವಾಸಿ:
ಗೋಳಾಕಾರದ ಡೋಮ್ ಮನೇಲಿ ಇದ್ದೋರು ಇಲ್ಲಿ ಇನ್ಯಾರೂ ಇರಲಿಕ್ಕಿಲ್ಲ, ನಾನಿದ್ದೆ, ಎರಡು ವರ್ಷ. ನೋಡಿದೋರೆಲ್ಲಾ ಅಯ್ಯೋ ಎಷ್ಟು ಚೆಂದ ಅಂತಿದ್ರು. ದೂರದ ಬೆಟ್ಟ ನುಣ್ಣಗೆ ಅನ್ನೋದು ಈ ಮನೆ ನೋಡೇ ಹೇಳಿದ್ದು. ಮೊದಲನೇ ದಿನ ಬೀರು ತಂದು ಗೋಡೆಗೆ ತಾಗಿಸಿ ಇಡೋಣ ಅಂದ್ರೆ ಗೋಡೆ ಎಲ್ಲಿದೆ? ಕೆಳಗೆ ತಾಗಿದ್ರೆ ಮೇಲೆ ತಾಗಲ್ಲ, ಮೇಲೆ ತಾಗಿದ್ರೆ ಕೆಳಗೆ ಒಂದು ಮೊಳ ಸಂದು. ಆ ಸಂದಲ್ಲಿ ಬಿದ್ದದ್ದು ಬಿತ್ತು, ಇನ್ನು ಸಿಗಲ್ಲ. ಕ್ಯಾಲೆಂಡರ್ ನೇತುಹಾಕಿದ್ರೆ ಗೋಡೆ ಬಿಟ್ಟು ಗಾಳೀಲಿ ಜೋಲಾಡೋದು. ಗೋಡೆ ಪಕ್ಕ ನಡೆದ್ರೆ ಹಣೆ ಬಡಿಯುತ್ತೆ, ಹಾಗಾಗಿ ಎಲ್ರೂ ನಡುವೆನೇ ಓಡಾಡೋದು, ಅಷ್ಟು ದೊಡ್ಡ ಮನೇಲಿ ಒಂದು ಕಾಲುದಾರಿ. ಸದ್ದು ಕೇಳಿ ಇನ್ನೂ ಮಜಾ. ಈ ತುದೀಲಿ ಪಿಸುಗುಟ್ಟಿದ್ದು ಆ ತುದೀಲಿ ಕಿವಿಯೊಳಗೇ ಹೇಳಿದಂಗೆ ಕೇಳಿಸ್ತಿತ್ತು, ಪಕ್ಕದಲ್ಲಿ ಕೂತೋರಿಗೆ ಕೇಳ್ತಿರ್ಲಿಲ್ಲ. ನಮ್ಮತ್ತೆ ಒಂದು ಮೂಲೇಲಿ (ಮೂಲೆ ಎಲ್ಲಿದೆ ಬಿಡಿ) ಫೋನಲ್ಲಿ ನನ್ನ ಬಗ್ಗೆ ಮಾತಾಡಿದ್ದು ನಂಗೆ ಅಕ್ಷರ ಅಕ್ಷರ ಕೇಳಿಸ್ತು.

ಸೋರೋದಂತೂ ಹೇಳೋದೇ ಬೇಡ. ತ್ರಿಕೋನ ತ್ರಿಕೋನ ಜೋಡಿಸಿರ್ತಾರಲ್ಲ, ಎಷ್ಟು ಸಂದು ಅಷ್ಟು ಸೋರಿಕೆ, ಒಂದು ಮುಚ್ಚಿದ್ರೆ ಇನ್ನೊಂದು.

ಇಂಜಿನಿಯರ್‌ಮಾವ:
1970ರ ಹೊತ್ತಿಗೆ ಡೋಮ್ ಮನೆ ಕಟ್ಟೋದು ಹೇಗೆ ಅಂತ ಪುಸ್ತಕ ಮಾಡಿ ಒಂದು ತಲೆಮಾರನ್ನೇ ಹುಚ್ಚು ಹಿಡಿಸಿದ ಲಾಯ್ಡ್ ಕಾನ್ ಅವರೇ ಆಮೇಲೆ ಇದು ಸರಿಯಿಲ್ಲ ಅಂತ ತಮ್ಮ ಪುಸ್ತಕದ ಮುದ್ರಣ ನಿಲ್ಲಿಸಿಬಿಟ್ರು. ಸೋರಿಕೆನೂ ಒಂದು ಕಾರಣ. ನೇರ ಗೋಡೆ, ಇಳಿಜಾರು ಸೂರು, ಇದನ್ನ ಮನುಷ್ಯ ಸಾವಿರಾರು ವರ್ಷ ಸುಮ್ನೆ ಇಟ್ಕೊಂಡು ಬಂದಿಲ್ಲ.

ದೊಡ್ಡ ದೊಡ್ಡ ಆರ್ಕಿಟೆಕ್ಟ್‌ಗಳು ಕಟ್ಟಿದ ಮನೆನೂ ಸೋರುತ್ತೆ. ಲೆ ಕಾರ್ಬೂಸಿಯೆ ಕಟ್ಟಿದ ವಿಲ್ಲಾ ಸವೋಯ್ (1931ರದು) ಚಪ್ಪಟೆ ತಾರಸಿ ಸೋರಿ ಸೋರಿ ಮನೆಯೊಡತಿ ಪತ್ರದ ಮೇಲೆ ಪತ್ರ ಬರೆದ್ರು. ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ ಫಾಲಿಂಗ್‌ವಾಟರ್, ಜಲಪಾತದ ಮೇಲೇ ಕೂತಿರೋ ಮನೆ, ಅದರ ಮಾಲೀಕರು ಇದು ಏಳು ಬಕೆಟ್ ಮನೆ ಅಂತ ಗೇಲಿ ಮಾಡ್ತಿದ್ರಂತೆ, ಸೋರೋ ಕಡೆ ಇಡೋ ಬಕೆಟ್ ಲೆಕ್ಕ. ಹೊರಚಾಚಿರೋ ತಾರಸಿ ಬಾಗ್ತಾ ಬಾಗ್ತಾ ಹೋಗಿ 2002ರಲ್ಲಿ ಒಳಗೆ ಉಕ್ಕಿನ ಕೇಬಲ್ ಎಳೆದು ಬಿಗಿ ಮಾಡ್ಬೇಕಾಯ್ತು.

ಹೊಸಗಾಳಿ:
ಮಾವ ನಿಮಗೆ ಚೆಂದದ ಮನೆ ಕಂಡ್ರೆ ಆಗಲ್ವಾ? ಆ ಫಾಲಿಂಗ್‌ವಾಟರ್ ಮನೆಯವರು ಬಿಟ್ಟು ಓಡಿಹೋಗ್ಲಿಲ್ಲ, ಬಕೆಟ್ ಇಟ್ಕೊಂಡು ವರ್ಷಾನುಗಟ್ಟಲೆ ಪ್ರೀತಿಯಿಂದ ಅಲ್ಲಿಗೆ ಹೋಗ್ತಾನೇ ಇದ್ರು. ಅದನ್ನೂ ಹೇಳಿ.

ಇಂಜಿನಿಯರ್‌ಮಾವ:
ಹೌದು, ಅದು ಒಪ್ತೀನಿ. ಆದ್ರೆ ಅದು ಅವರ ಎರಡನೇ ಮನೆ. ವಾರಾಂತ್ಯಕ್ಕೆ ಹೋಗಿ ಬಕೆಟ್ ಇಡೋದು ಮೋಜು, ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಡೋವಾಗ ಬಕೆಟ್ ಇಡೋದು ಬೇರೆ.

ಸೀದಾಮಾತು:
ಕಂಟೇನರ್ ಮನೆ ಬಗ್ಗೆ ಯಾರಾದ್ರೂ ಬರೀರಪ್ಪ, ನನ್ನ ತಮ್ಮ ಅದೇ ಜಪ ಮಾಡ್ತಿದಾನೆ. ಅಗ್ಗ ಅಂತೆ, ಹದಿನೈದು ದಿನದಲ್ಲಿ ರೆಡಿ ಅಂತೆ.

ಇಂಜಿನಿಯರ್‌ಮಾವ:
ತಮ್ಮನ್ನ ಹಿಡ್ಕೊಳ್ಳಿ. ಮಾಮೂಲಿ ಕಂಟೇನರ್ ಒಳಗಿನ ಅಗಲ ಸುಮಾರು 2.35 ಮೀಟರ್, ಎತ್ತರ 2.39. ಅದು ಬರೀ ತಗಡು, ಹಂಗೇ ಇದ್ರೆ ಬಿಸಿಲಿಗೆ ಹಂಚು, ಚಳಿಗೆ ಒಳಗೆಲ್ಲಾ ಬೆವರು. ಶಾಖ ತಡೆಯೋಕೆ ಎರಡೂ ಕಡೆ ಹೊದಿಕೆ ಹಾಕಿ ಮೇಲೆ ಬೋರ್ಡ್ ಹೊಡೆದ್ರೆ ಉಳಿಯೋ ಅಗಲ ಎರಡು ಮೀಟರ್ ಚಿಲ್ಲರೆ, ಮಂಚ ಅಡ್ಡ ಹಾಕಿದ್ರೆ ದಾಟೋಕೆ ಮಂಚದ ಮೇಲೇ ಹತ್ಬೇಕು. ಕಿಟಕಿಗೆ ಅಂತ ಪಕ್ಕದ ತಗಡು ಕತ್ತರಿಸಿದ್ರೆ ಅದರ ಗಟ್ಟಿತನನೂ ಹೋಯ್ತು, ಮತ್ತೆ ಉಕ್ಕಿನ ಚೌಕಟ್ಟು ಕೊಡ್ಬೇಕು. ಹಳೇ ಕಂಟೇನರ್‌ನ ಪ್ಲೈವುಡ್ ನೆಲಕ್ಕೆ ಹಡಗು ಪ್ರಯಾಣದಲ್ಲಿ ಹುಳ ಹಿಡೀಬಾರ್ದು ಅಂತ ಕೀಟನಾಶಕ ಹಾಕಿರ್ತಾರೆ, ಅದರ ಮೇಲೆ ಮಗು ಅಂಬೆಗಾಲಿಡೋದು ಬೇಡ. ಇದೆಲ್ಲಾ ಸರಿ ಮಾಡೋ ಹೊತ್ತಿಗೆ ಇಟ್ಟಿಗೆ ಮನೆನೇ ಎದ್ದಿರುತ್ತೆ.

ಸೀದಾಮಾತು:
ಸ್ಕ್ರೀನ್‌ಶಾಟ್ ಕಳಿಸ್ದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ.

ಪೆಟ್ಟಿಗೆಗೂಡು:
ಚಿಕ್ಕ ಮನೆ ಅಂದ್ರೆ ಟೋಕಿಯೋದ ನಕಾಗಿನ್ ಕ್ಯಾಪ್ಸೂಲ್ ಟವರ್ ನೆನಪಾಗುತ್ತೆ. 1972ರಲ್ಲಿ ಕಿಶೋ ಕುರೊಕಾವಾ ಕಟ್ಟಿದ್ದು, ವಾಷಿಂಗ್ ಮೆಷಿನ್ ಒಂದರ ಮೇಲೊಂದು ಪೇರಿಸಿದಂಗೆ 140 ಡಬ್ಬಿ, ಒಂದೊಂದೂ ಸುಮಾರು 10 ಚದರ ಮೀಟರ್, ಒಂದು ದುಂಡನೆ ಕಿಟಕಿ, ಅದು ತೆಗೆಯಕ್ಕೂ ಬರಲ್ಲ. ಹಳೇದಾದ ಡಬ್ಬಿ ಬಿಚ್ಚಿ ಹೊಸದು ಸಿಗಿಸ್ತಾ ಹೋಗೋದು ಅಂತ ಲೆಕ್ಕ, 25 ವರ್ಷಕ್ಕೊಂದ್ಸಲ. ಒಂದೇ ಒಂದು ಡಬ್ಬಿನೂ ಬದಲಾಯಿಸ್ಲಿಲ್ಲ, 2022ರಲ್ಲಿ ಕಟ್ಟಡನೇ ಬಿಚ್ಚಿಹಾಕಿದ್ರು. ಡಬ್ಬಿಗಳಲ್ಲಿ ಕೆಲವು ಈಗ ಮ್ಯೂಸಿಯಂ ಸೇರಿವೆ.

ನಂಗೂ ಒಂಥರಾ ಅಂಥದ್ದರಲ್ಲೇ ಇದ್ದ ಅನುಭವ ಇದೆ, ಒಂದೇ ಕೋಣೆ, ಮಡಚೋ ಮಂಚ. ಜಾಗ ಸಣ್ಣದು ಅನ್ನೋದಲ್ಲ ಕಷ್ಟ, ಯಾವುದಾದ್ರೂ ಒಂದು ಮಾಡ್ಬೇಕು ಅಂದ್ರೆ ಇನ್ನೊಂದನ್ನ ಎತ್ತಿಡ್ಬೇಕು. ಮಲಗೋಕೆ ಮೇಜು ಮಡಚಬೇಕು, ಉಣ್ಣೋಕೆ ಮಂಚ ಮಡಚಬೇಕು. ಜ್ವರ ಬಂದ ದಿನ ಮಂಚ ಮಡಚೋಕಾಗ್ದೆ ಮನೆ ಪೂರ್ತಿ ಮಂಚನೇ ಆಗಿತ್ತು, ಬಾಗಿಲು ತೆಗೆಯೋಕೂ ಮಂಚದ ಮೇಲೆ ತೆವಳ್ಕೊಂಡು ಹೋದೆ.

ಒಂದೇಸಾಲು:
ವಾರ್ಸಾದಲ್ಲಿ ಎರಡು ಕಟ್ಟಡದ ಸಂದಲ್ಲಿ ಒಂದು ಮನೆ ಇದೆ, ಕೆರೆಟ್ ಹೌಸ್ ಅಂತ, ಅತಿ ಕಿರಿದಾದ ಕಡೆ ಅಗಲ ಒಂದು ಮೀಟರ್ ಕೂಡ ಇಲ್ಲ, ಅಲ್ಲಿ ಜಗಳ ಆದ್ರೆ ಮುಖ ತಿರುಗಿಸ್ಕೊಂಡು ಮಲಗೋದಕ್ಕೂ ಜಾಗ ಇಲ್ಲ.

ಬೆಕ್ಕಿನಚಿಕ್ಕಮ್ಮ:
ಬೆಕ್ಕಿನ ಹೆಸರು ಇನ್ನೂ ಹೇಳಿಲ್ಲ. ಮತ್ತೆ ಆ ಅಟ್ಟಕ್ಕೆ ಗೋಡೆ ಇಲ್ಲ ಅಂದ್ರಲ್ಲ, ಬೆಕ್ಕು ಬಿದ್ರೆ?

ಹೊಸಗಾಳಿ:
ಬೆಕ್ಕು ಬಿದ್ರೆ ಸಾಮಾನ್ಯವಾಗಿ ಕಾಲ ಮೇಲೇ ಬೀಳುತ್ತೆ. ನ್ಯೂಯಾರ್ಕಲ್ಲಿ 1987ರಲ್ಲಿ ಮಹಡಿಗಳಿಂದ ಬಿದ್ದ 132 ಬೆಕ್ಕುಗಳ ಲೆಕ್ಕ ತೆಗೆದಿದ್ರು, ನೂರಕ್ಕೆ ತೊಂಬತ್ತು ಬದುಕಿದ್ವು. ಏಳನೇ ಮಹಡಿಗಿಂತ ಮೇಲಿಂದ ಬಿದ್ದವಕ್ಕೆ ಗಾಯ ಇನ್ನೂ ಕಮ್ಮಿ.

ಇಂಜಿನಿಯರ್‌ಮಾವ:
ಅದು ಆಸ್ಪತ್ರೆಗೆ ತಂದ ಬೆಕ್ಕುಗಳ ಲೆಕ್ಕ ತಮ್ಮಾ. ಬಿದ್ದಲ್ಲೇ ಸತ್ತ ಬೆಕ್ಕನ್ನ ಯಾರು ಆಸ್ಪತ್ರೆಗೆ ಒಯ್ತಾರೆ?

ಬೆಕ್ಕಿನಚಿಕ್ಕಮ್ಮ:
ಛೀ ಇಬ್ರೂ ಸುಮ್ನಿರಿ. ಬಲೆ ಹಾಕ್ಸಿ ಅಂದ್ರೆ ಲೆಕ್ಕ ಹೇಳ್ತೀರಾ.

ಮೆಟ್ಟಿಲುವೈರಿ:
ಇಷ್ಟು ಹೊತ್ತು ಓದ್ತಾ ಇದ್ದೆ, ನಗು ಬಂತು, ಈಗ ಸ್ವಲ್ಪ ಸಪ್ಪೆ ಮಾತು ಬರೀತೀನಿ. ನಂಗೆ ಬೇಡದ ಮನೆ ಅಂದ್ರೆ ಮೆಟ್ಟಿಲಿರೋ ಮನೆ. ದೊಡ್ಡ ಮೆಟ್ಟಿಲೂ ಅಲ್ಲ. ಹಾಲ್‌ನಿಂದ ಊಟದ ಜಾಗಕ್ಕೆ ಎರಡು, ಅಲ್ಲಿಂದ ಕೋಣೆಗೆ ಮೂರು, ಬಚ್ಚಲಿಗೆ ಒಂದು ಇಳಿಯೋದು, ಹಂಗೆ ಏರುತಗ್ಗು ಮಾಡಿ ಕಟ್ಟಿರ್ತಾರಲ್ಲ, ಅಂಥದ್ದು. ಕಟ್ಟಿಸೋವಾಗ ನಂಗೇ ಇಷ್ಟ ಆಗಿತ್ತು, ಮನೆ ಚಪ್ಪಟೆಯಾಗಿ ಕಾಣಬಾರ್ದು ಅಂತ. ಹನ್ನೊಂದು ವರ್ಷ ಏನೂ ಅನ್ಸ್ಲಿಲ್ಲ. ಅಮ್ಮ ಬಚ್ಚಲ ಆ ಒಂದು ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರ್ಕೊಂಡ್ರು. ವಾಪಸ್ ಬಂದಾಗ ವಾಕರ್ ಹಿಡ್ಕೊಂಡಿದ್ರು. ಆಗ ಲೆಕ್ಕ ಹಾಕ್ದೆ, ಅವರ ಮಂಚದಿಂದ ಬಚ್ಚಲಿಗೆ ಹದಿನಾಲ್ಕು ಹೆಜ್ಜೆ, ಅಷ್ಟರಲ್ಲಿ ಆರು ಮೆಟ್ಟಿಲು. ವಾಕರ್ ಬಚ್ಚಲ ಬಾಗಿಲಲ್ಲಿ ಹಿಡಿಸ್ಲೂ ಇಲ್ಲ, ನಾಲ್ಕು ಬೆರಳು ಸಾಲ್ದಾಯ್ತು. ಹಾಲ್‌ನಲ್ಲಿ ಮಂಚ ಹಾಕಿ ಸುತ್ತ ಸೀರೆ ಕಟ್ಟಿ ಪರದೆ ಮಾಡಿದ್ವಿ. ಬಂದೋರೆಲ್ಲಾ ಪರದೆ ಆಚೆಯಿಂದ ಹೇಗಿದೀರಿ ಅಂತ ಕೇಳೋರು, ಅಮ್ಮ ಪ್ರತಿ ಸಲ ತಲೆ ಬಾಚ್ಕೊಂಡೇ ಉತ್ತರ ಕೊಡ್ತಿದ್ರು.

ಕಿಟಕಿಪರದೆ ಅವರೇ, ರೇಲಿಂಗ್ ಇಲ್ಲದ ಮೆಟ್ಟಿಲು ಅಂದ್ರಲ್ಲ. ನಿಮ್ಮಿಬ್ರಲ್ಲಿ ಒಬ್ರಿಗೆ ಕಾಲು ಉಳುಕಿದ್ರೂ ಎರಡು ವಾರ ಮಲಗೋದೆಲ್ಲಿ ಅಂತ ಯೋಚ್ನೆ ಮಾಡಿ.

ನಿದ್ದೆಗೇಡಿ:
ಓದಿ ಸುಮ್ಮನಾದೆ. ಅಮ್ಮ ಈಗ ಹೇಗಿದ್ದಾರೆ?

ಮೆಟ್ಟಿಲುವೈರಿ:
ಓಡಾಡ್ತಾರೆ. ನಾವು ಆ ಮನೆ ಬಿಟ್ವಿ. ಈಗ ನೆಲಮಹಡಿ, ಹೊಸಿಲು ಕೂಡ ಇಲ್ಲ. ನೋಡೋಕೆ ಬೆಂಕಿಪೊಟ್ಟಣ ಇದ್ದಂಗಿದೆ.

ಹೊಸಗಾಳಿ:
ಲಿಫ್ಟ್ ಇದ್ರೆ ಎತ್ತರದ ಮನೆಯಲ್ಲಿ ಈ ತೊಂದರೆ ಇಲ್ವಲ್ಲ. ನೆಲಮಹಡಿಗಿಂತ ಮೂವತ್ತನೇ ಮಹಡಿ ವಾಸಿ.

ಕೊನೇಮಹಡಿ:
ಲಿಫ್ಟ್ ಇದ್ರೆ ಅನ್ನಬೇಡಿ, ಲಿಫ್ಟ್ ನಡೆದ್ರೆ ಅನ್ನಿ. ಜನ ಹತ್ತೋ ಲಿಫ್ಟ್ 1857ರಲ್ಲಿ ನ್ಯೂಯಾರ್ಕಿನ ಒಂದು ಅಂಗಡಿಗೆ ಬಂತು, ಅದಕ್ಕೆ ಮುಂಚೆ ಪ್ಯಾರಿಸ್‌ನಂಥ ಕಡೆ ಸಾಹುಕಾರರು ಕೆಳಗೆ, ಕೆಲಸದೋರು ಸೂರಿನಡಿ. ಲಿಫ್ಟ್ ಬಂದು ಎಲ್ಲಾ ತಲೆಕೆಳಗಾಯ್ತು, ಈಗ ಎತ್ತರ ಹೋದಷ್ಟೂ ದುಬಾರಿ. ಲಿಫ್ಟ್ ಕೆಟ್ಟ ದಿನ ಮತ್ತೆ ನೀವು ಆ ಕಾಲದ ಕೆಲಸದೋರೇ.

ಸೀದಾಮಾತು:
ದೆವ್ವದ ಮನೆ ಯಾರೂ ಹೇಳಿಲ್ವಲ್ಲ! ನಂಗೆ ಬೇರೆಲ್ಲಾ ಓಕೆ, ದೆವ್ವ ಇದೆ ಅಂದ್ರೆ ಬಿಟ್ಟಿ ಏನು, ದುಡ್ಡು ಕೊಟ್ರೂ ಬೇಡ.

ಇಂಜಿನಿಯರ್‌ಮಾವ:
ಹೆಜ್ಜೆ ಸದ್ದು, ತಲೆಭಾರ, ಯಾರೋ ನಿಂತಂಗೆ ಕಾಣೋದು, ಇದೆಲ್ಲಾ ಇದ್ರೆ ಮೊದಲು ಕಾರ್ಬನ್ ಮಾನಾಕ್ಸೈಡ್ (ಬಣ್ಣ ವಾಸನೆ ಇಲ್ಲದ ವಿಷಾನಿಲ) ಅಲಾರಂ ತಗೊಳ್ಳಿ. 1921ರಲ್ಲಿ ಅಮೆರಿಕದ ಕಣ್ಣಿನ ಡಾಕ್ಟರ್‌ಗಳ ಪತ್ರಿಕೆಯಲ್ಲಿ ಇಂಥದ್ದೇ ಒಂದು ಕುಟುಂಬದ ಕಥೆ ಬಂದಿತ್ತು. ಮನೆ ಪೂರ್ತಿ ದೆವ್ವ ಅಂತಿದ್ರು, ಕೊನೆಗೆ ನೋಡಿದ್ರೆ ಮನೆ ಬೆಚ್ಚಗಿಡೋ ಕುಲುಮೆ ಕೆಟ್ಟುಹೋಗಿ ಹೊಗೆಯನ್ನ ಚಿಮಣಿಗೆ ಬಿಡದೆ ಮನೆಯೊಳಗೇ ಬಿಡ್ತಿತ್ತು. ಕುಲುಮೆ ಸರಿ ಮಾಡಿದ್ರು, ದೆವ್ವ ಹೋಯ್ತು.

ಸೀದಾಮಾತು:
ಅಂದ್ರೆ ದೆವ್ವಕ್ಕಿಂತ ಅಪಾಯದ್ದು. ಸಮಾಧಾನ ಮಾಡೋ ರೀತಿನಾ ಮಾವ ಇದು.

ನಿದ್ದೆಗೇಡಿ:
@ಕಿಟಕಿಪರದೆ ಒಂದು ಕೆಲಸ ಮಾಡಿ. ಹಗಲು ನೋಡಿದ್ದು ಸಾಕು. ರಾತ್ರಿ ಹೋಗಿ, ದೀಪ ಆರಿಸಿ ಇಪ್ಪತ್ತು ನಿಮಿಷ ಮಾತಾಡದೆ ಕೂತ್ಕೊಳ್ಳಿ. ಆಮೇಲೆ ದೀಪ ಹಾಕಿ ಕೂತ್ಕೊಳ್ಳಿ. ಒಬ್ರು ಬಚ್ಚಲಿಗೆ ಹೋಗಿ, ಇನ್ನೊಬ್ರು ಅಟ್ಟದಲ್ಲಿರಿ. ಮನೆಯವರನ್ನೂ ಕರ್ಕೊಂಡು ಹೋಗಿ, ವಾದ ಮಾಡ್ಲಿಕ್ಕೆ ಹೋಗ್ಬೇಡಿ.

ಇಂಜಿನಿಯರ್‌ಮಾವ:
ಒಳ್ಳೇ ಸಲಹೆ. ಬೀರು ಪಕ್ಕಕ್ಕೆ ಸರಿಸಿ ಹಿಂದಿನ ಗೋಡೆಗೆ ಕೈ ಇಟ್ಟು ತೇವ ಇದೆಯಾ ಅಂತನೂ ನೋಡಿ.

ಕಿಟಕಿಪರದೆ:
ನಾಲ್ಕು ದಿನ ಬಿಟ್ಟು ಬರೀತಿದೀನಿ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಹೋದ್ವಿ. ದೀಪ ಆರಿಸಿ ಕೂತ್ವಿ. ನಿಜ ಹೇಳ್ಬೇಕಂದ್ರೆ ಕತ್ತಲಲ್ಲಿ ಬಹಳ ಚೆನ್ನಾಗಿತ್ತು, ಹೊರಗೆ ಮರ, ಮೋಡ ಎಲ್ಲಾ ಕಾಣ್ತಿತ್ತು, ನಮ್ಮನೆಯವರು ನನ್ನ ಕಡೆ ನೋಡಿದ್ರು ನೋಡ್ದಾ ಅನ್ನೋ ಥರ. ನಾನೇ ಸೋತೆ ಅಂದ್ಕೊಂಡೆ. ಆಮೇಲೆ ದೀಪ ಹಾಕಿದ್ವಿ. ಹಾಕಿದ್ದೇ ತಡ ಹೊರಗಿಂದು ಏನೂ ಇಲ್ಲ, ಮೂರು ಕಡೆ ಗಾಜಲ್ಲೂ ನಾವೇ. ನಾನು ಸೋಫಾದಲ್ಲಿ ಕೂತಿದೀನಿ, ಮೂರು ಕಡೆ ನಾನೇ ಕೂತಿದೀನಿ. ಕೆನ್ನೆ ಕೆರ್ಕೊಂಡ್ರೆ ಮೂವರೂ ಕೆರ್ಕೋತಾರೆ.

ಅಷ್ಟೊತ್ತಿಗೆ ನಮ್ಮನೆಯವರು ಗಾಜಿನ ಹತ್ರ ಹೋಗಿ ಎರಡೂ ಕೈ ಕಣ್ಣಿಗೆ ಮರೆ ಮಾಡ್ಕೊಂಡು ಹೊರಗೆ ನೋಡಿದ್ರು. ರಸ್ತೇಲಿ ನಾಯಿ ತಿರುಗಾಡಿಸ್ತಿದ್ದ ಒಬ್ಬರು ನಿಂತು ನಮ್ಮನ್ನೇ ನೋಡ್ತಿದ್ರಂತೆ, ಇವರು ನೋಡಿದ ತಕ್ಷಣ ಪಾಪ ಅವರು ಕೈ ಬೀಸಿದ್ರಂತೆ. ಇವರೂ ಗೊತ್ತಿಲ್ದೇನೇ ಕೈ ಬೀಸ್ಬಿಟ್ರು. ಆಮೇಲೆ ದೀಪ ಆರಿಸಿ ಬೀಗ ಹಾಕಿ ಮನೆ ಮುಟ್ಟೋ ತನಕ ಒಂದು ಮಾತಿಲ್ಲ. ಬಚ್ಚಲ ಪರೀಕ್ಷೆವರೆಗೂ ಹೋಗ್ಲೇ ಇಲ್ಲ. ಬೆಳಿಗ್ಗೆ ಎದ್ದು ನಮ್ಮನೆಯವರೇ ಆ ಮನೆ ಮಾಲೀಕರಿಗೆ ಫೋನ್ ಮಾಡಿ, ಬೇಡ, ತಪ್ಪು ತಿಳ್ಕೋಬೇಡಿ ಅಂದ್ರು.

ಹೊಸಗಾಳಿ:
ಹಂಗಾದ್ರೆ ನಂಬರ್ ಕೊಡಿ.

ಒಂದೇಸಾಲು:
ನಾಯಿ ಏನಂತು?

ಬೆಕ್ಕಿನಚಿಕ್ಕಮ್ಮ:
ಬೆಕ್ಕಿನ ಹೆಸರು.

ಕಿಟಕಿಪರದೆ:
ಪುಟ್ಟಿ. ಗಂಡು.

ಬೆಕ್ಕಿನಚಿಕ್ಕಮ್ಮ:
ಗಂಡು ಬೆಕ್ಕಿಗೆ ಪುಟ್ಟಿ ಅಂತನಾ??

ಕಿಟಕಿಪರದೆ:
ಮರಿ ಇದ್ದಾಗ ಗೊತ್ತಾಗ್ಲಿಲ್ಲ. ಈಗ ಬದಲಾಯಿಸಿದ್ರೆ ಕರೆದಾಗ ಬರಲ್ಲ.

ನೆಲಮನಿ:
ಹೆಸರು ಬದಲ್ಸದಿದ್ರೂ ಕರದಾಗ ಬರೂದಿಲ್ರೀ ಬೆಕ್ಕು.